ಶಾಲೆಯ ಬೀಗದ ಕೈ ಯಾರ ಬಳಿ?

ವಿರಾಜಪೇಟೆ ತಾಲೂಕಿನ ಪಾಲಿಬೆಟ್ಟ ದೊಡ್ಡ ಊರೇನೂ ಅಲ್ಲ. ಸಿದ್ದಾಪುರ, ಅಮ್ಮತ್ತಿ, ಗೋಣಿಕೊಪ್ಪಗಳ ನಡುವೆ, ನಾಲ್ಕೂ ದಿಕ್ಕಿನಿಂದ ಕಾಫಿ ತೋಟಗಳು ಒತ್ತಿಕೊಂಡು ಬಂದಿರುವ ಒಂದು ಪೇಟೆ. ಕಾಫಿಯ ಲೋಕದಲ್ಲಿ ಮಾತ್ರ ಇದರ ಹೆಸರು ದೊಡ್ಡದು. ಮೊದಲು ಕನ್ಸಾಲಿಡೇಟೆಡ್ ಕಾಫಿ ಎಂದಿದ್ದು 2000ದಲ್ಲಿ ಟಾಟಾ ಕಾಫಿ ಎಂದಾದ ಸಂಸ್ಥೆಯ ನೋಂದಾಯಿತ ಕಚೇರಿ ಇದ್ದುದು ಇಲ್ಲೇ. 2024ರ ಜನವರಿಯಲ್ಲಿ ಆ ಸಂಸ್ಥೆ ಟಾಟಾ ಸಮೂಹದ ಇನ್ನೊಂದು ಕಂಪೆನಿಯಲ್ಲಿ ವಿಲೀನವಾಯಿತು. ಹೆಸರುಗಳು ಬದಲಾದವು, ಆದರೆ ತೋಟಗಳೂ ತೋಟದ ಲೈನ್‌ಮನೆಗಳೂ ಇದ್ದಲ್ಲೇ ಇವೆ. ಆ ಲೈನ್‌ಮನೆಗಳಲ್ಲಿ ಎರವರಿದ್ದಾರೆ, ಕುರುಬರಿದ್ದಾರೆ, ತಮಿಳು ಮಾತನಾಡುವವರಿದ್ದಾರೆ, ಮಲೆಯಾಳ ಮಾತನಾಡುವ ಮಾಪಿಳ್ಳೆಗಳಿದ್ದಾರೆ, ಇತ್ತೀಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಇವರೆಲ್ಲರ ಮಕ್ಕಳು ಕಲಿಯಬೇಕಾದದ್ದು ಊರಿನ ಸರಕಾರಿ ಕನ್ನಡ ಶಾಲೆಯಲ್ಲಿ.

ಇಂಥ ಒಂದು ಶಾಲೆಯ ಹಂಚು ಜೂನ್ ತಿಂಗಳ ಗಾಳಿಗೆ ಹಾರಿಹೋಯಿತೆನ್ನಿ. ಅಥವಾ ಇದ್ದ ಇಬ್ಬರು ಶಿಕ್ಷಕರಲ್ಲಿ ಒಬ್ಬರಿಗೆ ವರ್ಗವಾಯಿತೆನ್ನಿ. ಹೆತ್ತವರು ಯಾರ ಬಾಗಿಲು ತಟ್ಟಬೇಕು? ಗ್ರಾಮ ಪಂಚಾಯತ್ ಅಧ್ಯಕ್ಷರದ್ದೋ, ವಿರಾಜಪೇಟೆಯ ಕ್ಷೇತ್ರ ಶಿಕ್ಷಣಾಧಿಕಾರಿಗಳದ್ದೋ, ಮಡಿಕೇರಿಯ ಜಿಲ್ಲಾ ಪಂಚಾಯತಿನದ್ದೋ, ಶಾಸಕರದ್ದೋ? ಅಧಿಕಾರ ವಿಕೇಂದ್ರೀಕರಣವಾಗಿದೆ ಎಂದು ನಾವು ಮೂರು ದಶಕಗಳಿಗಿಂತ ಹೆಚ್ಚು ಕಾಲದಿಂದ ಕೇಳುತ್ತ ಬಂದಿದ್ದೇವೆ. ಈ ಸರಳ ಪ್ರಶ್ನೆಗೆ ಮಾತ್ರ ಒಂದೇ ಉತ್ತರ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶಾಲೆಯನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಡುವ ಆಲೋಚನೆ ಸ್ವತಂತ್ರ ಭಾರತದ್ದಲ್ಲ. 1882ರಲ್ಲಿ ವೈಸರಾಯ್ ರಿಪ್ಪನ್ ಸ್ಥಳೀಯ ಸ್ವಾಡಳಿತದ ಬಗ್ಗೆ ಪ್ರಸಿದ್ಧವಾದ ನಿರ್ಣಯ ಹೊರಡಿಸಿದನು. ಅದೇ ವರ್ಷ ನೇಮಕಗೊಂಡ ಹಂಟರ್ ಆಯೋಗ, ಪ್ರಾಥಮಿಕ ಶಿಕ್ಷಣದ ಹೊಣೆಯನ್ನು ಜಿಲ್ಲಾ ಬೋರ್ಡು ಮತ್ತು ಮುನಿಸಿಪಾಲಿಟಿಗಳಿಗೆ ವಹಿಸಬೇಕೆಂದು ಶಿಫಾರಸು ಮಾಡಿತು. ನಮ್ಮ ಓದುಗರು ನೆನಪಿಡಬೇಕಾದ ಒಂದು ಸಂಗತಿ ಈ ಆಯೋಗದ ವರದಿಯಲ್ಲಿದೆ. ಮುಸ್ಲಿಮರ ಶಿಕ್ಷಣಕ್ಕೆ ವಿಶೇಷ ಪ್ರೋತ್ಸಾಹ ಕೊಡುವ ವೆಚ್ಚವು ಸ್ಥಳೀಯ, ಪೌರ ಹಾಗೂ ಪ್ರಾಂತೀಯ ನಿಧಿಗಳ ಮೇಲೆ ನ್ಯಾಯವಾಗಿ ಬೀಳಬೇಕಾದದ್ದು ಎಂದು ಅದು ಸ್ಪಷ್ಟವಾಗಿ ಹೇಳಿತ್ತು. ಹಿಂದುಳಿದವರ ಶಾಲೆ ಮೇಲಿನವರ ದಾನವಲ್ಲ, ಊರಿನ ತೆರಿಗೆ ಹಣದ ಮೇಲಿನ ಹಕ್ಕು ಎಂಬ ಮಾತು ಅಷ್ಟು ಹಳೆಯದು.

ಬೋರ್ಡುಗಳಿಗೆ ಹೊಣೆ ಬಂತು, ಹಣ ಬರಲಿಲ್ಲ. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದಾಗಲೂ ಸ್ಥಳೀಯ ಸಂಸ್ಥೆಗಳೇ ಅದನ್ನು ಜಾರಿಗೊಳಿಸಬೇಕೆಂಬ ಲೆಕ್ಕಾಚಾರವಿತ್ತು. ಮರುವರ್ಷ ಅದು ಬಿದ್ದುಹೋಯಿತು. ಮುಂಬಯಿ ಪ್ರಾಂತದಲ್ಲಿ, ಅಂದರೆ ಇಂದಿನ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳಲ್ಲಿ, 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆಯಂತೆ ಶಾಲೆಗಳು ಸ್ಥಳೀಯ ಬೋರ್ಡುಗಳ ಶಾಲಾ ಮಂಡಳಿಗಳಿಗೆ ಹೋದವು. ವಿಕೇಂದ್ರೀಕರಣದ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಅಧ್ಯಾಯ ಶುರುವಾಗುವುದು ಇಲ್ಲಿ.

1928ರಲ್ಲಿ ಡಾ. ಅಂಬೇಡ್ಕರರು ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಮುಂಬಯಿ ಪ್ರಾಂತದ ದಲಿತರ ಶಿಕ್ಷಣದ ಬಗ್ಗೆ ಒಂದು ಹೇಳಿಕೆ ಸಲ್ಲಿಸಿದರು. ಶಾಲೆಗಳನ್ನು ಶಾಲಾ ಮಂಡಳಿಗಳಿಗೆ ವರ್ಗಾಯಿಸುವುದನ್ನು ನಿಲ್ಲಿಸದೆ ಹೋದರೆ ದಲಿತ ಮಕ್ಕಳ ಶಿಕ್ಷಣಕ್ಕೆ ದೊಡ್ಡ ಹಿನ್ನಡೆಯಾಗುವುದು ಎಂದು ಅದರಲ್ಲಿ ಎಚ್ಚರಿಸಿದ್ದರು. ಕಾರಣ ಊಹಿಸುವುದು ಕಷ್ಟವಲ್ಲ. ಮಂಡಳಿಯಲ್ಲಿ ಕುಳಿತವರು ಊರಿನ ಜಮೀನುದಾರರು, ಮೇಲ್ಜಾತಿಯ ಮುಖಂಡರು. ಅಸ್ಪೃಶ್ಯ ಹುಡುಗ ತರಗತಿಯ ಒಳಗೆ ಕುಳಿತುಕೊಳ್ಳಬೇಕೋ ಜಗಲಿಯಲ್ಲೋ ಎಂದು ತೀರ್ಮಾನಿಸುವವರು ಅವರೇ. ದೂರದ ಸರಕಾರ ಉದಾಸೀನ ಮಾಡಬಹುದು. ಹತ್ತಿರದ ಯಜಮಾನ ಬೇಕೆಂದೇ ತಡೆಯಬಲ್ಲ. ಅಂಬೇಡ್ಕರರ ಈ ಆತಂಕವನ್ನು ಗ್ರಾಮ ಸ್ವರಾಜ್ಯದ ಪರವಾಗಿರುವ ನಾವೂ ಪಕ್ಕಕ್ಕೆ ಸರಿಸುವಂತಿಲ್ಲ.

ಮರುವರ್ಷ ಹಾರ್ಟಾಗ್ ಸಮಿತಿ ಬೇರೆ ಕಾರಣಕ್ಕಾಗಿ ಅದೇ ಕಡೆ ಬೆರಳು ತೋರಿಸಿತು. ಒಂದನೇ ತರಗತಿಗೆ ಸೇರಿದ ಮಕ್ಕಳು ನಾಲ್ಕನೆಯ ತರಗತಿ ಮುಟ್ಟುವುದಿಲ್ಲ, ಮೇಲ್ವಿಚಾರಣೆ ಸಾಲದು, ಸ್ಥಳೀಯ ಸಂಸ್ಥೆಗಳಿಗೆ ಅತಿಯಾಗಿ ಅಧಿಕಾರ ಬಿಟ್ಟುಕೊಡಲಾಗಿದೆ ಎಂದಿತು. ಮೈಸೂರು ಸಂಸ್ಥಾನವಾದರೋ 1930ರ ಕಾನೂನಿನ ಮೂಲಕ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ಒಪ್ಪಿಸಿ, ಪ್ರಯೋಗ ಕೈಗೂಡಲಿಲ್ಲವೆಂದು 1941ರಲ್ಲಿ ಮತ್ತೆ ತಾನೇ ವಹಿಸಿಕೊಂಡಿತು. ಕೊಡುವುದು, ಹಣ ಕೊಡದಿರುವುದು, ಸೋತರೆಂದು ವಾಪಸು ಪಡೆಯುವುದು. ಈ ಚಕ್ರ ನಮ್ಮಲ್ಲಿ ಒಂದಕ್ಕಿಂತ ಹೆಚ್ಚು ಸಲ ತಿರುಗಿದೆ.

ಕೊಡಗು ಈ ಕಥೆಗೆ ತಡವಾಗಿ ಸೇರಿತು. 1834ರಿಂದ ಬ್ರಿಟಿಷರ ನೇರ ಆಳ್ವಿಕೆ, 1952ರಿಂದ 1956ರ ತನಕ ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿಯಾಗಿದ್ದ ಪುಟ್ಟ 'ಸಿ' ದರ್ಜೆಯ ರಾಜ್ಯ, 1956ರ ನವೆಂಬರ್ 1ರಿಂದ ವಿಶಾಲ ಮೈಸೂರಿನ ಒಂದು ಜಿಲ್ಲೆ. ವಿಲೀನದ ವರ್ಷವೇ ಕೊಡಗು ತನ್ನದೇ ಆದ ಪಂಚಾಯತ್ ರಾಜ್ ಕಾಯ್ದೆಯನ್ನು ಮಾಡಿಕೊಂಡಿತ್ತು. ಮೂರು ವರ್ಷದೊಳಗೆ, 1959ರ ಮೈಸೂರು ಗ್ರಾಮ ಪಂಚಾಯತ್ ಮತ್ತು ಸ್ಥಳೀಯ ಬೋರ್ಡುಗಳ ಕಾಯ್ದೆ ಬಂದು ಹಳೆಯ ಪ್ರಾಂತಗಳ ಇಂಥ ಕಾನೂನುಗಳನ್ನೆಲ್ಲ ಒಂದೇ ಅಚ್ಚಿನೊಳಗೆ ಹಾಕಿತು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು. ಅಲ್ಲಿಂದ ಮುಂದೆ ಕಾಲು ಶತಮಾನ ಶಾಲೆಯೆಂದರೆ ಶಿಕ್ಷಣ ಇಲಾಖೆ, ಪಂಚಾಯತ್ ಎಂದರೆ ಬೀದಿದೀಪ ಎಂದಾಯಿತು.

ಸಾಕ್ಷರತೆಯಲ್ಲಿ ಕೊಡಗು ಹಿಂದೆ ಬೀಳಲಿಲ್ಲ ಎಂಬುದೂ ನಿಜ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ರ ಆಸುಪಾಸಿನಲ್ಲಿದ್ದರೆ ಕೊಡಗಿನದು ಶೇ. 82ನ್ನು ದಾಟಿತ್ತು. ಆದರೆ ಜಿಲ್ಲೆಯ ಸರಾಸರಿ ಲೈನ್‌ಮನೆಯ ಕಥೆ ಹೇಳುವುದಿಲ್ಲ. ಅದೇ ಗಣತಿಯಂತೆ ಕೊಡಗಿನ ಜನಸಂಖ್ಯೆಯಲ್ಲಿ ಶೇ. 10ಕ್ಕಿಂತ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು, ಶೇ. 15ಕ್ಕಿಂತ ಹೆಚ್ಚು ಮಂದಿ ಮುಸ್ಲಿಮರು. ಎರಡೂ ಸಮುದಾಯಗಳಲ್ಲಿ ದೊಡ್ಡ ಪಾಲು ಸ್ವಂತ ತೋಟವಿಲ್ಲದವರದು.

ನಝೀರ್ ಸಾಬರ ಕಾಲ

1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದ ಅಬ್ದುಲ್ ನಝೀರ್ ಸಾಬ್, ಗುಂಡ್ಲುಪೇಟೆಯವರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದವರು. ಅವರ ಇನ್ನೊಂದು ಕೆಲಸ ಕೊಳವೆಬಾವಿಗಿಂತ ಆಳವಾದದ್ದು. ಜಿಲ್ಲಾ ಪರಿಷತ್, ಮಂಡಲ ಪಂಚಾಯತ್‌ಗಳ ಕಾಯ್ದೆ 1983ರಲ್ಲಿ ಅಂಗೀಕಾರವಾಗಿ, ರಾಷ್ಟ್ರಪತಿಯ ಒಪ್ಪಿಗೆ ದೊರೆತದ್ದು 1985ರಲ್ಲಿ. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಶೇ. 25 ಸ್ಥಾನ ಮಹಿಳೆಯರಿಗೆ ಮೀಸಲು. ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಇನ್ನೂ ಆರು ವರ್ಷವಿತ್ತು ಎಂಬುದನ್ನು ಗಮನಿಸಬೇಕು.

ಜಿಲ್ಲಾ ಪರಿಷತ್ತಿನ ಅಧ್ಯಕ್ಷನಿಗೆ ರಾಜ್ಯ ಸಚಿವನ ಸ್ಥಾನಮಾನ ಬಂತು. ಅವನ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐ.ಎ.ಎಸ್. ಅಧಿಕಾರಿ. ಜಿಲ್ಲೆಯ ಶಿಕ್ಷಣ ಕಚೇರಿ ಪರಿಷತ್ತಿನ ಅಡಿಗೆ ಬಂತು, ಪ್ರಾಥಮಿಕ ಶಾಲೆಯ ಶಿಕ್ಷಕರೂ ಬಂದರು. ಆಗ ಆದದ್ದೇನು? ಈ ಪ್ರಯೋಗವನ್ನು ಅಧ್ಯಯನ ಮಾಡಿದ ರಿಚರ್ಡ್ ಕ್ರುಕ್ ಮತ್ತು ಜೇಮ್ಸ್ ಮ್ಯಾನರ್ ಎಂಬ ವಿದ್ವಾಂಸರು 1998ರ ತಮ್ಮ ಪುಸ್ತಕದಲ್ಲಿ, ಸರಕಾರಿ ನೌಕರರ ಗೈರುಹಾಜರಿ ಕಡಿಮೆಯಾದುದನ್ನು ಅದರ ಮುಖ್ಯ ಫಲಗಳಲ್ಲಿ ಒಂದಾಗಿ ಗುರುತಿಸಿದ್ದಾರೆ. ಶಾಲೆಯಲ್ಲಿ ಮೇಷ್ಟ್ರು ಬಂದಿದ್ದಾರೋ ಇಲ್ಲವೋ ಎಂದು ನೋಡಲು ಬೆಂಗಳೂರಿನಿಂದ ಯಾರೂ ಬರಬೇಕಾಗಿರಲಿಲ್ಲ. ಪಕ್ಕದ ಮನೆಯ ಮಂಡಲ ಸದಸ್ಯ ನೋಡಿದರೆ ಸಾಕಿತ್ತು. ಕಿವಿಮಾತಿನಷ್ಟು ಅಗ್ಗದ, ಖರ್ಚಿಲ್ಲದ ಸುಧಾರಣೆ ಇದು.

ಶಿಕ್ಷಕರು ಇದನ್ನು ಇಷ್ಟಪಡಲಿಲ್ಲ. ಅವರ ದೂರಿನಲ್ಲೂ ಹುರುಳಿತ್ತು. ವರ್ಗಾವಣೆಯ ಅಧಿಕಾರ ಕೈಗೆ ಬಂದ ಸದಸ್ಯರು ಅದನ್ನು ಶಾಲೆಗಾಗಿ ಮಾತ್ರ ಬಳಸಲಿಲ್ಲ. ತಮ್ಮವರು, ಪರರು ಎಂದು ಲೆಕ್ಕ ಹಾಕಿದರು. ಆದರೆ ವರ್ಗಾವಣೆಯ ರಾಜಕೀಯ ವಿಧಾನಸೌಧದಲ್ಲಿ ಇರಲಿಲ್ಲವೇ? ಅಲ್ಲಿ ನಡೆದರೆ ಆಡಳಿತ, ಜಿಲ್ಲೆಯಲ್ಲಿ ನಡೆದರೆ ಭ್ರಷ್ಟಾಚಾರ ಎಂಬ ನ್ಯಾಯವನ್ನು ನಾವು ಒಪ್ಪುವುದಿಲ್ಲ.

ನಝೀರ್ ಸಾಬರು 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಮೈಸೂರಿನಲ್ಲಿರುವ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ಇಂದು ಅವರ ಹೆಸರಿದೆ. ನಮ್ಮ ಸಮುದಾಯದಲ್ಲಿ ಅವರನ್ನು ಹೆಮ್ಮೆಯಿಂದ ನೆನೆಯುವವರು ಬಹಳ. ಅವರು ಕಟ್ಟಿದ್ದನ್ನು ಬಿಚ್ಚಿದ್ದು ಹೇಗೆ ಎಂದು ಕೇಳುವವರು ಕಡಿಮೆ.

ಬಿಚ್ಚಿದ್ದು ಕಾನೂನಿನಿಂದಲ್ಲ. ಕಾನೂನು ಮೊದಲಿಗಿಂತ ಗಟ್ಟಿಯೇ ಆಯಿತು. 1993ರ ಏಪ್ರಿಲ್ 24ರಂದು 73ನೇ ತಿದ್ದುಪಡಿ ಜಾರಿಗೆ ಬಂತು. ಅದು ಸೇರಿಸಿದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಹದಿನೇಳನೆಯದು ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳೂ ಸೇರಿದಂತೆ ಶಿಕ್ಷಣ. ಮುಂದಿನ ತಿಂಗಳೇ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಬಂತು. ಕೊಡಗಿನಂಥ ಗುಡ್ಡಗಾಡು ಜಿಲ್ಲೆಗಳಲ್ಲಿ ಎರಡೂವರೆ ಸಾವಿರ ಜನಕ್ಕೂ ಒಂದು ಗ್ರಾಮ ಪಂಚಾಯತ್ ಆಗಬಹುದೆಂಬ ರಿಯಾಯಿತಿ ಅದರಲ್ಲಿತ್ತು. ಪಂಚಾಯತ್ ನಿಜವಾಗಿಯೂ ಮನೆಬಾಗಿಲಿಗೆ ಬಂತು. ಆದರೆ ಶಿಕ್ಷಕರ ನೇಮಕಾತಿ ಕೇಂದ್ರೀಕೃತ ಪರೀಕ್ಷೆಗೆ ಹೋಯಿತು, ವರ್ಗಾವಣೆ 2007ರ ಪ್ರತ್ಯೇಕ ಕಾಯ್ದೆಯ ಕೌನ್ಸೆಲಿಂಗಿಗೆ ಹೋಯಿತು. ಪಕ್ಷಪಾತ ತಗ್ಗಿಸಲು ಇವು ಬೇಕಿದ್ದ ಕ್ರಮಗಳೇ. ಫಲವೇನೆಂದರೆ, ಸಂಬಳದ ಲೆಕ್ಕ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳ ಪುಸ್ತಕದಲ್ಲಿ ಬರೆಯಲಾಗುತ್ತದೆ, ಸಂಬಳ ಪಡೆಯುವವರ ಮೇಲೆ ಅವಕ್ಕೆ ಹೇಳಿಕೊಳ್ಳುವಂಥ ಅಧಿಕಾರವಿಲ್ಲ. ಗುಮಾಸ್ತಿಕೆ ಮಾತ್ರ ವಿಕೇಂದ್ರೀಕರಣಗೊಂಡಿತು.

ಗ್ರಾಮ ಪಂಚಾಯತಿನ ಕಡೆ ಬಂದರೆ ಇನ್ನೂ ವಿಚಿತ್ರ. ಮನೆ ತೆರಿಗೆ ಕಟ್ಟುವಾಗ ರಸೀದಿಯನ್ನು ಗಮನಿಸಿ ನೋಡಿ. ತೆರಿಗೆಯ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕ ಕರಗಳ ಜೊತೆಗೆ ಶೇ. 10ರ ಶಿಕ್ಷಣ ಕರವೂ ಇರುತ್ತದೆ. ವಸೂಲು ಮಾಡುವುದು ಪಂಚಾಯತ್, ಹಣ ಹೋಗಬೇಕಾದದ್ದು ಮೇಲಿನ ಲೆಕ್ಕಕ್ಕೆ. ಊರಿನ ಶಾಲೆಗೆ ಅದರಿಂದ ಒಂದು ಬೆಂಚು ತರುವ ಸ್ವಾತಂತ್ರ್ಯ ಪಂಚಾಯತಿಗಿಲ್ಲ. ತೋಟದ ಊರಿನಲ್ಲಿ ಇನ್ನೊಂದು ತೊಡಕು. ಕೃಷಿ ಕಂದಾಯಕ್ಕೆ ಒಳಪಟ್ಟ ಭೂಮಿಯ ಮೇಲೆ ಪಂಚಾಯತ್ ತೆರಿಗೆ ಹಾಕುವಂತಿಲ್ಲ. ಸುತ್ತ ಸಾವಿರಾರು ಎಕರೆ ಕಾಫಿ, ಕರಿಮೆಣಸು ಇದ್ದರೂ ಪಂಚಾಯತಿನ ಬೊಕ್ಕಸ ತುಂಬುವುದು ಪೇಟೆಯ ಅಂಗಡಿ ಮನೆಗಳ ಚಿಲ್ಲರೆಯಿಂದ.

ಎರಡು ಸಮಿತಿ, ಒಂದು ಶಾಲೆ

2001ರಲ್ಲಿ ರಾಜಾ ರಾಮಣ್ಣನವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ ಸರಕಾರ ಪ್ರತಿ ಶಾಲೆಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ರಚಿಸಿತು. ಜನರ ಬಾಯಲ್ಲಿ ಅದು ಎಸ್.ಡಿ.ಎಂ.ಸಿ. ಹೆತ್ತವರೇ ಆರಿಸುವ ಹೆತ್ತವರ ಸಮಿತಿ. ಕೂಲಿ ಮಾಡುವ ತಾಯಿಯೊಬ್ಬಳು ಮುಖ್ಯೋಪಾಧ್ಯಾಯರ ಎದುರು ಕುರ್ಚಿಯಲ್ಲಿ ಕೂತು ಲೆಕ್ಕ ಕೇಳಬಹುದು ಎಂಬುದು ಸಣ್ಣ ಮಾತಲ್ಲ. ಆದರೆ ಇದು ಪಂಚಾಯತಿನ ಒಳಗಿನಿಂದ ಹುಟ್ಟಿದ ಸಮಿತಿಯಲ್ಲ, ಇಲಾಖೆಯ ಆದೇಶದಿಂದ ಬಂದದ್ದು. ಮುಂದೆ ಉಪನಿಯಮಗಳ ಮೂಲಕ ಇವೆರಡನ್ನೂ ಹೊಂದಿಸುವ ಪ್ರಯತ್ನವಾಯಿತಾದರೂ ಊರಿನಲ್ಲಿ ಎರಡು ಗಾಡಿ ಬೇರೆಬೇರೆ ಹಳಿಯ ಮೇಲೆಯೇ ಓಡಿದವು. ಬಿಸಿಯೂಟದ ಅಕ್ಕಿ ಒಂದು ದಾರಿಯಲ್ಲಿ ಬಂದರೆ, ಕೊಠಡಿ ಕಟ್ಟುವ ಹಣ ಸರ್ವ ಶಿಕ್ಷಾ ಅಭಿಯಾನದ ಇನ್ನೊಂದು ದಾರಿಯಲ್ಲಿ, ಕಾಂಪೌಂಡಿನ ಗೋಡೆ ಉದ್ಯೋಗ ಖಾತರಿಯ ಮೂರನೇ ದಾರಿಯಲ್ಲಿ ಬಂತು.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂದು 2010ರ ಏಪ್ರಿಲ್ 1ರಂದು ಜಾರಿಯಾಯಿತು. ಖಾಸಗಿ ಶಾಲೆಯ ಶೇ. 25 ಸೀಟಿನ ಬಗ್ಗೆ ನಾವೆಲ್ಲ ಬೇಕಾದಷ್ಟು ಚರ್ಚಿಸಿದೆವು. ಅದರ 9ನೇ ಕಲಮನ್ನು ಓದಿದವರೆಷ್ಟು ಮಂದಿ? ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳು ಅಲ್ಲಿವೆ. ತನ್ನ ವ್ಯಾಪ್ತಿಯ 14 ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆ ಇಡಬೇಕು. ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸಬೇಕು. ಶಾಲೆಗಳ ಮೇಲೆ ನಿಗಾ ಇಡಬೇಕು. ಶೈಕ್ಷಣಿಕ ವೇಳಾಪಟ್ಟಿಯನ್ನು ಸಹ ನಿರ್ಧರಿಸಬೇಕು.

ಈ ಕೊನೆಯ ಮಾತು ಪಾಲಿಬೆಟ್ಟದಂಥ ಊರಿಗೆ ಎಷ್ಟು ದೊಡ್ಡದು! ಇಲ್ಲಿ ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾದರೆ ರೊಬಸ್ಟಾ ಮುಗಿಯುವಾಗ ಮಾರ್ಚ್ ಬರುತ್ತದೆ. ತಾಯಿತಂದೆ ಬೆಳಗ್ಗೆಯೇ ಚೀಲ ಹಿಡಿದು ಹಣ್ಣು ಕುಯ್ಯಲು ಹೋಗುತ್ತಾರೆ. ತೂಕಕ್ಕೆ ಕೂಲಿ. ಕೈ ಎಷ್ಟಿದ್ದರೂ ಬೇಕು. ದೊಡ್ಡ ಮಗಳು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾಳೆ, ಇಲ್ಲವೆ ತೋಟಕ್ಕೆ ಹೋಗುತ್ತಾಳೆ. ಪಾಠ ಭರದಿಂದ ನಡೆಯುವ ತಿಂಗಳುಗಳೂ ಅವೇ. ಕೆಲಸ ಕಡಿಮೆಯಿರುವ ಏಪ್ರಿಲ್ ಮೇ ತಿಂಗಳಲ್ಲಿ ಶಾಲೆಗೆ ರಜೆ, ಜುಲೈಯ ಮಳೆಗೆ ಜಿಲ್ಲಾಧಿಕಾರಿಗಳು ಆಗಾಗ ಘೋಷಿಸುವ ರಜೆ ಬೇರೆ. ಬಯಲು ಸೀಮೆಗೂ ಮಲೆನಾಡಿಗೂ ಒಂದೇ ವೇಳಾಪಟ್ಟಿ ಬೆಂಗಳೂರಿನಿಂದ ಬರುತ್ತದೆ. ಕಾನೂನು ಊರಿಗೆ ಕೊಟ್ಟ ಅಧಿಕಾರವನ್ನು ಊರು ಒಮ್ಮೆಯೂ ಕೇಳಿ ಪಡೆಯಲಿಲ್ಲ.

ಆನೆಯ ವಿಷಯವನ್ನೂ ಹೇಳಲೇಬೇಕು. ಐದನೆಯ ತರಗತಿಯವರೆಗಿನ ಶಾಲೆ ಒಂದು ಕಿಲೋಮೀಟರ್ ಒಳಗಿರಬೇಕೆಂಬುದು ನಿಯಮ. ನಕ್ಷೆಯ ಮೇಲೆ ಅಳೆದರೆ ಬಹಳ ಕಡೆ ಅದು ಸರಿಯಾಗಿಯೇ ಬರುತ್ತದೆ. ಸಿದ್ದಾಪುರ ಪಾಲಿಬೆಟ್ಟ ಭಾಗದ ತೋಟಗಳಲ್ಲಿ ಹಗಲಲ್ಲೇ ಆನೆ ಹಿಂಡು ತಂಗುತ್ತದೆ. ಅಲ್ಲಿ ಆರು ವರ್ಷದ ಮಗುವಿಗೆ ಒಂದು ಕಿಲೋಮೀಟರ್ ಎಂದರೆ ಎಷ್ಟು ದೂರ? ರಸ್ತೆ ತೋಟದವರದು, ಆನೆ ಅರಣ್ಯ ಇಲಾಖೆಯದು, ಶಾಲೆ ಶಿಕ್ಷಣ ಇಲಾಖೆಯದು, ಮಗು ಮಾತ್ರ ಪಂಚಾಯತಿನ ಪಟ್ಟಿಯದು. ಮಕ್ಕಳು ಕಡಿಮೆಯಾದರೆಂದು ಶಾಲೆಯನ್ನು ಪಕ್ಕದ ಊರಿನ ಶಾಲೆಗೆ ಸೇರಿಸುವ ಪ್ರಸ್ತಾಪಗಳು ಬಂದಾಗ ಈ ಪ್ರಶ್ನೆಯನ್ನು ಎತ್ತಬೇಕಾದ ಜಾಗ ಗ್ರಾಮಸಭೆ. ಆದರೆ ಅಂಥ ತೀರ್ಮಾನಗಳು ಮೇಲಿನಿಂದ ಇಳಿದು ಬರುತ್ತವೆ, ಗ್ರಾಮಸಭೆಗೆ ಸುದ್ದಿ ಮುಟ್ಟುವಾಗ ಬೀಗ ಬಿದ್ದಿರುತ್ತದೆ.

ತೋಟದ ಗೇಟಿನೊಳಗೆ ವಿಕೇಂದ್ರೀಕರಣ ಪ್ರವೇಶಿಸುವುದೇ ಕಷ್ಟ. 1951ರ ತೋಟ ಕಾರ್ಮಿಕರ ಕಾಯ್ದೆಯ 14ನೇ ಕಲಮಿನಂತೆ, ಕಾರ್ಮಿಕರ ಆರರಿಂದ ಹನ್ನೆರಡು ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಮಾಲಿಕರು ಶಿಕ್ಷಣದ ಸೌಕರ್ಯ ಒದಗಿಸುವಂತೆ ರಾಜ್ಯ ಸರಕಾರ ನಿಯಮ ಮಾಡಬಹುದಿತ್ತು. 'ಮಾಡಬಹುದು' ಎಂಬ ಆ ಪದದಲ್ಲೇ ಎಷ್ಟೋ ಮಕ್ಕಳ ಓದು ಸಿಕ್ಕಿಹಾಕಿಕೊಂಡಿತು. ಕೊಡಗಿನಲ್ಲಿ ಬಹುಪಾಲು ಬೆಳೆಗಾರರು ಸಣ್ಣವರು, 25 ಮಕ್ಕಳ ಲೆಕ್ಕ ಅಲ್ಲಿ ತುಂಬುವುದೂ ಇಲ್ಲ. 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆ ಈ ಹಳೆಯ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಒಳ್ಳೆಯ ಮಾಲಿಕರಿಲ್ಲವೆಂದು ನಾವು ಹೇಳುವುದಿಲ್ಲ. ಸುಂಟಿಕೊಪ್ಪದಲ್ಲಿ ಕೂರ್ಗ್ ಫೌಂಡೇಶನ್ ನಡೆಸುವ 'ಸ್ವಸ್ಥ' ಎಂಬ ವಿಶೇಷ ಮಕ್ಕಳ ಶಾಲೆ ಆದರಕ್ಕೆ ಯೋಗ್ಯವಾದ ಕೆಲಸ ಮಾಡಿದೆ. ಪ್ರಶ್ನೆ ಔದಾರ್ಯದ್ದಲ್ಲ, ಹಕ್ಕಿನದು.

ಲೈನ್‌ಮನೆ ಮಾಲಿಕನ ಜಾಗದಲ್ಲಿದೆ. ಅದಕ್ಕೆ ನೀರು, ರಸ್ತೆ ಕೊಡಲು ಪಂಚಾಯತಿಗೆ ಕೈ ನೀಡುವುದು ಕಷ್ಟ. ಅಲ್ಲಿನ ಎರವ ಹೆಂಗಸು ಮೀಸಲಾತಿಯಿಂದ ಪಂಚಾಯತ್ ಸದಸ್ಯೆಯಾಗಬಹುದು, ಆಗಿದ್ದಾರೆ ಕೂಡ. ಆದರೆ ಕೂಲಿ ಕೊಡುವವನ ಜನ ಎದುರಿಗೆ ಕುಳಿತಿರುವ ಸಭೆಯಲ್ಲಿ ಅವಳು ಎಷ್ಟು ಮಾತನಾಡಬಲ್ಲಳು? 2016ರ ಡಿಸೆಂಬರಿನಲ್ಲಿ ಇಲ್ಲಿಗೆ ಹತ್ತಿರದ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದಾಗ ರಾಜ್ಯಕ್ಕೆಲ್ಲ ಗೊತ್ತಾದ ಸತ್ಯವೆಂದರೆ, ಅವರಲ್ಲಿ ಬಹುಮಂದಿ ಲೈನ್‌ಮನೆ ಬಿಟ್ಟು ಸ್ವಂತದ್ದೊಂದು ನೆಲೆ ಹುಡುಕಿ ಬಂದವರು. ಅಂಬೇಡ್ಕರರು 1928ರಲ್ಲಿ ಹೇಳಿದ್ದು ಧಾರವಾಡ, ಪುಣೆಯ ಶಾಲಾ ಮಂಡಳಿಗಳಿಗೆ ಮಾತ್ರ ಅನ್ವಯಿಸುವ ಮಾತಲ್ಲವೆಂದು ಆಗ ಅನಿಸಿತು.

ಅಸ್ಸಾಮಿನಿಂದ ಬಂದ ಕೆಲಸಗಾರರ ಸ್ಥಿತಿ ಇನ್ನೊಂದು ತರ. 2020ರ ಜನವರಿಯಲ್ಲಿ ಕೊಡಗಿನ ಪೊಲೀಸರು ಅವರನ್ನು ಸಾಲುಗಟ್ಟಿಸಿ ದಾಖಲೆ ಪರಿಶೀಲಿಸಿದರು. ಬಂಗಾಳಿ ಮಾತನಾಡುವ ಮುಸ್ಲಿಮ್ ಹೆಸರಿನವರಾದರೆ ಅನುಮಾನ ಒಂದು ಪಟ್ಟು ಹೆಚ್ಚು. ಪೊಲೀಸರ ಪಟ್ಟಿಯಲ್ಲಿ ಹೆಸರು ಬರುವ ಭಯವಿರುವ ತಂದೆ ತನ್ನ ಮಗನ ಹೆಸರನ್ನು ಶಾಲೆಯ ಪಟ್ಟಿಯಲ್ಲಿ ಬರೆಸಲು ಹಿಂದೆಮುಂದೆ ನೋಡಿದರೆ ಆಶ್ಚರ್ಯವಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ಪ್ರವೇಶ ನಿರಾಕರಿಸಬಾರದೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇದನ್ನು ಆ ತಂದೆಗೆ ಹೋಗಿ ಹೇಳುವವರು ಯಾರು? ಜುಮಾ ನಮಾಝಿಗೆ ಅವನು ನಮ್ಮ ಸಾಲಿನಲ್ಲೇ ನಿಲ್ಲುತ್ತಾನೆ. ಮಸೀದಿಯ ಜಮಾಅತ್‌ಗಳು ಮದ್ರಸದ ಹಾಜರಿ ಪುಸ್ತಕವನ್ನು ಬಹಳ ಶ್ರದ್ಧೆಯಿಂದ ಇಡುತ್ತವೆ. ಶಾಲೆಗೆ ಹೋಗದ ಮಕ್ಕಳ ಒಂದು ಪಟ್ಟಿ ಅದೇ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟು ಪಂಚಾಯತಿಗೆ ಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸವನ್ನೇ ನಂಬಿರುವವರು ಶೇ. 3ರಷ್ಟು ಮಾತ್ರ ಎಂದು ಸಾಚಾರ್ ಸಮಿತಿ 2006ರಲ್ಲೇ ತೋರಿಸಿತ್ತು. ಉಳಿದವರ ಭವಿಷ್ಯವಿರುವುದು ಊರಿನ ಶಾಲೆಯಲ್ಲಿ, ಆದ್ದರಿಂದ ಆ ಶಾಲೆಯ ಸಮಿತಿಯಲ್ಲಿ ಯಾರಿದ್ದಾರೆ ಎಂಬುದು ನಮ್ಮ ಚರ್ಚೆಯ ವಿಷಯವಾಗಬೇಕು.

ಮಾಕುಟ್ಟದ ಇಳಿಜಾರು ದಾಟಿದರೆ ಕೇರಳ. ಅಲ್ಲಿ 1995ರಲ್ಲೇ ಸರಕಾರಿ ಪ್ರಾಥಮಿಕ ಶಾಲೆಗಳನ್ನು ಗ್ರಾಮ ಪಂಚಾಯತ್‌ಗಳಿಗೆ, ಪ್ರೌಢಶಾಲೆಗಳನ್ನು ಜಿಲ್ಲಾ ಪಂಚಾಯತ್‌ಗಳಿಗೆ ವಹಿಸಲಾಯಿತು. ಮರುವರ್ಷ ಜನಕೀಯ ಯೋಜನೆಯಡಿ ರಾಜ್ಯದ ಯೋಜನಾ ಹಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡಲಾಯಿತು. ಅಲ್ಲಿಯೂ ಶಿಕ್ಷಕರ ನೇಮಕ, ಸಂಬಳ ಸರಕಾರದ್ದೇ. ಆದರೆ ಕಟ್ಟಡ, ಪೀಠೋಪಕರಣ, ಮಕ್ಕಳ ಅಗತ್ಯಗಳ ವಿಷಯದಲ್ಲಿ ಪಂಚಾಯತಿಗೆ ಹಣವೂ ಇದೆ, ಹೊಣೆಯೂ ಇದೆ. ಕೇರಳ ಸ್ವರ್ಗವೇನಲ್ಲ. ಬಾಗಿಲು ಯಾವುದೆಂದು ಅಲ್ಲಿನ ಹೆತ್ತವರಿಗೆ ಗೊತ್ತಿದೆ, ಅಷ್ಟೆ.

ನಮ್ಮಲ್ಲಿ ಇದ್ದ ಬಾಗಿಲುಗಳೂ ಮುಚ್ಚಿದವು. ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷದ ಮೇಲೆ ವರ್ಷ ಚುನಾವಣೆ ಮುಂದೆ ಹೋಯಿತು. ಜಿಲ್ಲೆಯ ಶಿಕ್ಷಣದ ಬಗ್ಗೆ ಪ್ರಶ್ನೆ ಕೇಳಬೇಕಾದ ಚುನಾಯಿತ ಸ್ಥಾಯಿ ಸಮಿತಿ ಇಲ್ಲದೆ, ಅಧಿಕಾರಿಯೇ ಕೇಳಿ ಅಧಿಕಾರಿಯೇ ಉತ್ತರಿಸುವ ಸಭೆಗಳು ನಡೆದವು. 1992ರಲ್ಲಿ ಆದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕೆಳಗಿನ ಗ್ರಾಮ ಪಂಚಾಯತ್ ಕೆಲವು ಕಡೆ ಸದ್ದಿಲ್ಲದೆ ಕೆಲಸ ಮಾಡಿದೆ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ, ಕೊರೋನಾದಿಂದ ಶಾಲೆಗಳೆಲ್ಲ ಮುಚ್ಚಿದ್ದಾಗ, 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಮನೆಯಲ್ಲಿ ಒಂದೂ ಪುಸ್ತಕವಿಲ್ಲದ ಮಕ್ಕಳು ಪಂಚಾಯತ್ ಕಟ್ಟಡಕ್ಕೆ ಮೊದಲ ಸಲ ತಮ್ಮದೇ ಕೆಲಸಕ್ಕೆ ಹೋದರು. 2006ರಿಂದ ವರ್ಷಕ್ಕೊಮ್ಮೆ ನಡೆಯಬೇಕಾದ ಮಕ್ಕಳ ಗ್ರಾಮಸಭೆಯೂ ಇದೆ. ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ, ಅಂದರೆ ಅರೇಬಿಕಾ ಹಣ್ಣಾಗುವಾಗ, ಅದು ಸೇರುತ್ತದೆ. ಲೈನ್‌ಮನೆಯ ಮಕ್ಕಳು ಆ ದಿನ ಸಭೆಗೆ ಬರಬೇಕಾದರೆ ಅಂದಿನ ಕೊಯ್ಲಿಗೆ ಅವರನ್ನು ಕಳಿಸಬಾರದು. ನೋಟೀಸನ್ನು ಪಂಚಾಯತ್ ಗೋಡೆಗೆ ಅಂಟಿಸಿದರೆ ಸಾಲದು, ತೋಟದ ಗೇಟಿನೊಳಗೂ ಒಯ್ಯಬೇಕು.